ಹಂಗಾಮು ಮುಗಿದ ಮೇಲೆ ಯಾವ ಸರ್ಟಿಫಿಕೇಟ್? ಸಕ್ಕರೆ ಕಾರ್ಖಾನೆಯ ಐಟಿ ಎಂಜಿನಿಯರ್ ಒಬ್ಬರ ಪ್ರಕರಣ

ಬಾಗಲಕೋಟೆ ಜಿಲ್ಲೆ, ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಸಾಮರ್ಥ್ಯ, ನಾಲ್ಕು ತೂಕದ ಕಾಟಾ, 180 ಕಂಪ್ಯೂಟರ್, ಐಟಿ ವಿಭಾಗದಲ್ಲಿ ನಾಲ್ಕೇ ಜನ. ಅವರಲ್ಲಿ ಒಬ್ಬರು 31 ವರ್ಷದ ಎಂಜಿನಿಯರ್. ವಿಟಿಯು ಬಿಇ, ಏಳು ವರ್ಷದ ಅನುಭವ. ಪ್ರಿಂಟರ್‌ನಿಂದ ಹಿಡಿದು ಕಬ್ಬಿನ ಬಿಲ್ಲಿನ ಸಾಫ್ಟ್‌ವೇರ್‌ವರೆಗೆ ಯಾವುದು ನಿಂತರೂ ಫೋನ್ ಬರುವುದು ಇವರಿಗೇ. ಒಂದೂವರೆ ವರ್ಷದೊಳಗೆ ಸರ್ವೀಸ್ ಡೆಸ್ಕ್ ಲೀಡ್ (ಬಳಕೆದಾರರ ದೂರು ತೆಗೆದುಕೊಳ್ಳುವ ತಂಡದ ಮುಖ್ಯಸ್ಥ) ಅಥವಾ ಇನ್ಸಿಡೆಂಟ್ ಮ್ಯಾನೇಜರ್ (ನಿಂತ ಸೇವೆಯನ್ನು ಮತ್ತೆ ಓಡಿಸುವ ಹೊಣೆಗಾರ) ಕೆಲಸಕ್ಕೆ ಹೋಗಬೇಕೆಂಬುದು ಗುರಿ. ಬೆಳಗಾವಿ ಆದೀತು, ಹುಬ್ಬಳ್ಳಿ ಆದೀತು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವುದಾದರೂ ಆದೀತು. ಅಪ್ಪ ಅವ್ವನನ್ನು ಬಿಟ್ಟು ದೂರ ಹೋಗುವಂತಿಲ್ಲ. ಕೈಯಲ್ಲಿರುವುದು 70,000 ರೂಪಾಯಿ.

ಇದು ಯಾರೋ ಒಬ್ಬರ ಜೀವನದ ವರದಿಯಲ್ಲ. ಈ ಭಾಗದ ಐಟಿ ವಿಭಾಗಗಳಲ್ಲಿ ಎದುರಾಗುವಂಥ ಸಂಗತಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ. ವ್ಯಕ್ತಿ, ಕಾರ್ಖಾನೆ, ಕೋಟೇಶನ್ ಕಟ್ಟಿದ್ದು. ಪರೀಕ್ಷೆ ಮತ್ತು ನಿಯಮಗಳ ವಿವರ ಇದ್ದದ್ದು ಇದ್ದಂತೆ.

ಮುಖ್ಯ ಅಡಚಣೆ ಹಣವಲ್ಲ, ಕ್ಯಾಲೆಂಡರ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬು ನುರಿಸುವ ಹಂಗಾಮು. ಆಗ ಮೂರು ಪಾಳಿಯಲ್ಲೂ ಫೋನ್ ಎತ್ತಬೇಕು, ಪುಸ್ತಕ ಮುಟ್ಟಲಾಗದು. ಓದಿಗೆ ಸಿಗುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳು. ಸರ್ಟಿಫಿಕೇಟ್ ಆರಿಸುವಾಗ ಹೆಚ್ಚಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೇಜಿನ ಮೇಲಿದ್ದ ದಾರಿಗಳು

ಒಂದು ತರಬೇತಿ ಸಂಸ್ಥೆ ಕೊಟ್ಟ ಕೋಟೇಶನ್: ಐಟಿಲ್ (ಐಟಿ ಸೇವೆ ನಡೆಸುವ ಪದ್ಧತಿಗಳ ಚೌಕಟ್ಟು) 4ನೇ ಆವೃತ್ತಿಯ ಮ್ಯಾನೇಜಿಂಗ್ ಪ್ರೊಫೆಶನಲ್, ನಾಲ್ಕೂ ಮಾಡ್ಯೂಲ್ ಒಟ್ಟಿಗೆ, 1,60,000 ರೂಪಾಯಿ. ಫೋನಿನಲ್ಲಿ ಹೇಳಿದ್ದು ಅಷ್ಟೇ. 18% ಜಿಎಸ್‌ಟಿ ಸೇರಿಸಿದರೆ 1,88,800. ಕಂತಿನಲ್ಲಿ ಕಟ್ಟಬಹುದು ಎಂಬ ಆಮಿಷವೂ ಜೊತೆಗಿತ್ತು. ಎರಡನೆಯದು ಐಟಿ ದೂರು, ಬೇಡಿಕೆಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಮಾಡುವ ಸರ್ವೀಸ್‌ನೌ ಕಂಪನಿಯ ಸರ್ಟಿಫೈಡ್ ಸಿಸ್ಟಮ್ ಅಡ್ಮಿನಿಸ್ಟ್ರೇಟರ್, ಎಲ್ಲರ ಬಾಯಲ್ಲಿ ಸಿಎಸ್ಎ. ಮೂರನೆಯದು ಐಟಿ ಸೇವಾ ನಿರ್ವಹಣೆಯ ಮಾನದಂಡವಾದ ಐಎಸ್ಒ/ಐಇಸಿ 20000ರ ಲೀಡ್ ಆಡಿಟರ್. ನಾಲ್ಕನೆಯದು ಪುಣೆಯಲ್ಲಿರುವ ಗೆಳೆಯ ಸೂಚಿಸಿದ್ದು, ಐಟಿ ನಿಯಂತ್ರಣದ ಚೌಕಟ್ಟು ಕೋಬಿಟ್ 2019.

ಮೂರನೆಯದನ್ನು ಬೇಗ ಬದಿಗಿಡಬಹುದು. ಐಎಸ್ಒ/ಐಇಸಿ 20000-1 ಪ್ರಮಾಣಪತ್ರ ಸಿಗುವುದು ಸಂಸ್ಥೆಗೆ, ವ್ಯಕ್ತಿಗಲ್ಲ. 2005ರಲ್ಲಿ ಬಂದ ಈ ಮಾನದಂಡದ ಈಗಿನ ಆವೃತ್ತಿ 2018ರದು. ಆ ಪ್ರಮಾಣಪತ್ರ ಪಡೆಯಲು ಹೊರಟ ಸಂಸ್ಥೆಯಲ್ಲೋ ಆಡಿಟ್ ಮಾಡುವ ಸಂಸ್ಥೆಯಲ್ಲೋ ಇದ್ದವರಿಗೆ ಲೀಡ್ ಆಡಿಟರ್ ಕೋರ್ಸ್ ಬೆಲೆಬಾಳುತ್ತದೆ. ಆಡಿಟ್ ಮಾಡಿದ ಅನುಭವವೇ ಇಲ್ಲದೆ ಆ ಹೆಸರು ರೆಸ್ಯೂಮೆಯಲ್ಲಿದ್ದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಕೋಬಿಟ್ ಸಂಗತಿ ಕೊನೆಯಲ್ಲಿ ನೋಡೋಣ.

ಉಳಿದದ್ದು ಐಟಿಲ್ ಮತ್ತು ಸರ್ವೀಸ್‌ನೌ. ಒಂದು ಕೆಲಸದ ಪದ್ಧತಿ ಹೇಳುತ್ತದೆ, ಇನ್ನೊಂದು ಆ ಪದ್ಧತಿ ಓಡುವ ಸಾಫ್ಟ್‌ವೇರ್. ಎರಡರಲ್ಲಿ ಒಂದೇ ಸಾಕು ಅನ್ನುವವರು ಎರಡೂ ಕಡೆ ಇದ್ದಾರೆ. ಈ ಪ್ರಕರಣದಲ್ಲಿ ಎರಡೂ ಬೇಕು. ಯಾವುದು ಮೊದಲು, ಎಷ್ಟು ಆಳಕ್ಕೆ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಐಟಿಲ್ 4ರ ನಕ್ಷೆ

ಐಟಿಲ್ ಹುಟ್ಟಿದ್ದು 1980ರ ದಶಕದ ಕೊನೆಗೆ, ಬ್ರಿಟನ್ ಸರ್ಕಾರದ ಕಂಪ್ಯೂಟರ್ ಏಜೆನ್ಸಿಯೊಂದರಲ್ಲಿ. ಮೂರನೇ ಆವೃತ್ತಿ 2007ರಲ್ಲಿ, ನಾಲ್ಕನೆಯದು 2019ರ ಫೆಬ್ರುವರಿಯಲ್ಲಿ ಬಂತು. 2021ರಿಂದ ಅದರ ಒಡೆತನ, ಪರೀಕ್ಷೆ ಎರಡೂ ಪೀಪಲ್‌ಸರ್ಟ್ ಕಂಪನಿಯ ಕೈಯಲ್ಲಿದೆ.

ಬಾಗಿಲು ಒಂದೇ, ಫೌಂಡೇಶನ್. 40 ಪ್ರಶ್ನೆ, 60 ನಿಮಿಷ, ಪುಸ್ತಕ ತೆರೆಯುವಂತಿಲ್ಲ, 26 ಸರಿಯಾದರೆ ಪಾಸ್, ತಪ್ಪಿಗೆ ಅಂಕ ಕಡಿತವಿಲ್ಲ. ಮಾತೃಭಾಷೆಯೂ ಕೆಲಸದ ಭಾಷೆಯೂ ಅಲ್ಲದ ಭಾಷೆಯಲ್ಲಿ ಬರೆಯುವವರಿಗೆ ಕಾಲು ಭಾಗ ಹೆಚ್ಚು, ಅಂದರೆ 75 ನಿಮಿಷ. ಕ್ಲಾಸಿಗೆ ಹೋಗಲೇಬೇಕೆಂಬ ನಿಯಮ ಈ ಹಂತದಲ್ಲಿಲ್ಲ; ಸ್ವಂತ ಓದಿ ಬರೆಯಬಹುದು.

ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಮ್ಯಾನೇಜಿಂಗ್ ಪ್ರೊಫೆಶನಲ್ ಆಗಲು ನಾಲ್ಕು ಮಾಡ್ಯೂಲ್: ಕ್ರಿಯೇಟ್ ಡೆಲಿವರ್ ಅಂಡ್ ಸಪೋರ್ಟ್, ಡ್ರೈವ್ ಸ್ಟೇಕ್‌ಹೋಲ್ಡರ್ ವ್ಯಾಲ್ಯೂ, ಹೈ ವೆಲಾಸಿಟಿ ಐಟಿ, ಡೈರೆಕ್ಟ್ ಪ್ಲಾನ್ ಅಂಡ್ ಇಂಪ್ರೂವ್. ಒಂದೊಂದಕ್ಕೂ 40 ಪ್ರಶ್ನೆ, 90 ನಿಮಿಷ, ಪಾಸಾಗಲು 28. ಇವಕ್ಕೆ ಮಾನ್ಯತೆ ಪಡೆದ ತರಬೇತಿ ಕಡ್ಡಾಯ. ಖರ್ಚು ಏರುವುದು ಅಲ್ಲೇ. ಸ್ಟ್ರಾಟೆಜಿಕ್ ಲೀಡರ್ ಎಂಬ ಇನ್ನೊಂದು ಕವಲು ಐಟಿ ಮುಖ್ಯಸ್ಥರಿಗೆ. ಇಲ್ಲಿ ಅದರ ಮಾತು ಬೇಡ.

ಮೂರನೇ ಕವಲು ಪ್ರಾಕ್ಟೀಸ್ (ಒಂದೊಂದು ಬಗೆಯ ಕೆಲಸ ಮಾಡುವ ಪದ್ಧತಿ) ಮ್ಯಾನೇಜರ್. ಮಾರುವವರು ಇದರ ಸುದ್ದಿ ಎತ್ತುವುದು ಕಡಿಮೆ, ಏಕೆಂದರೆ ಬಿಲ್ ಸಣ್ಣದು. ಐದು ಪ್ರಾಕ್ಟೀಸ್ ಮಾಡ್ಯೂಲ್ ಮತ್ತು ಕ್ರಿಯೇಟ್ ಡೆಲಿವರ್ ಅಂಡ್ ಸಪೋರ್ಟ್ ಮುಗಿಸಿದರೆ ಈ ಹೆಸರು ಸಿಗುತ್ತದೆ. ಐದನ್ನು ಬಿಡಿಬಿಡಿಯಾಗಿ ಬರೆಯಬಹುದು, ಇಲ್ಲವೇ ಕಟ್ಟುಗಳಲ್ಲಿ ಒಂದನ್ನು ಒಂದೇ ಪರೀಕ್ಷೆಯಾಗಿ ಬರೆಯಬಹುದು. ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್ ಎಂಬ ಕಟ್ಟಿನಲ್ಲಿರುವ ಐದು: ಇನ್ಸಿಡೆಂಟ್, ಪ್ರಾಬ್ಲಮ್, ಸರ್ವೀಸ್ ಡೆಸ್ಕ್, ಸರ್ವೀಸ್ ರಿಕ್ವೆಸ್ಟ್, ಮಾನಿಟರಿಂಗ್ ಅಂಡ್ ಇವೆಂಟ್. ಇನ್ನೊಂದು ಕಟ್ಟಿನಲ್ಲಿ ಚೇಂಜ್, ರಿಲೀಸ್, ಡಿಪ್ಲಾಯ್‌ಮೆಂಟ್, ಕಾನ್ಫಿಗರೇಶನ್, ಅಸೆಟ್ ಬರುತ್ತವೆ.

ಗಮನಿಸಬೇಕಾದದ್ದು ಇಷ್ಟು: ಕ್ರಿಯೇಟ್ ಡೆಲಿವರ್ ಅಂಡ್ ಸಪೋರ್ಟ್ ಎರಡೂ ಕವಲಿಗೆ ಎಣಿಕೆಯಾಗುತ್ತದೆ. ಇವತ್ತು ಪ್ರಾಕ್ಟೀಸ್ ಮ್ಯಾನೇಜರ್ ದಾರಿ ಹಿಡಿದು ಮುಂದೆ ಮ್ಯಾನೇಜಿಂಗ್ ಪ್ರೊಫೆಶನಲ್ ಬೇಕೆನಿಸಿದರೆ ಉಳಿಯುವುದು ಮೂರೇ ಮಾಡ್ಯೂಲ್. ಕಟ್ಟಿದ ಹಣ ನೀರಿಗೆ ಹೋಗದು.

ನವೀಕರಣದ ಲೆಕ್ಕ ಬೇರೆ. 2023ರಿಂದ ಪೀಪಲ್‌ಸರ್ಟ್ ಸರ್ಟಿಫಿಕೇಟ್‌ಗಳಿಗೆ ಮೂರು ವರ್ಷದ ಅವಧಿ. ಅಷ್ಟರೊಳಗೆ ಅದೇ ಪರೀಕ್ಷೆ ಮತ್ತೆ ಬರೆಯಬೇಕು, ಇಲ್ಲವೇ ಅದೇ ಕುಟುಂಬದ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಇಲ್ಲವೇ ಸದಸ್ಯತ್ವ ಶುಲ್ಕ ಕಟ್ಟಿ ವರ್ಷಕ್ಕೆ 20ರಂತೆ ಕಲಿಕೆಯ ಅಂಕ ತುಂಬಬೇಕು. ಒಂದೇ ಬೇಸಿಗೆಯಲ್ಲಿ ಎಲ್ಲ ಮುಗಿಸಿ ಕುಳಿತವರಿಗೆ ಮೂರು ವರ್ಷಕ್ಕೆ ಎಲ್ಲದರ ಗಡುವೂ ಒಟ್ಟಿಗೆ ಬಂದು ನಿಲ್ಲುತ್ತದೆ. ವರ್ಷ ಬಿಟ್ಟು ವರ್ಷ ಒಂದೊಂದು ಬರೆಯುವವರಿಗೆ ಹೊಸದೇ ಹಳೆಯದನ್ನು ಎತ್ತಿ ಹಿಡಿಯುತ್ತದೆ.

ದೊಡ್ಡ ಪ್ಯಾಕೇಜ್ ಇವರಿಗೆ ಏಕೆ ಒಗ್ಗದು

ಹಣದ ಕಾರಣ ಎಲ್ಲರಿಗೂ ಕಾಣುತ್ತದೆ. ಬಜೆಟ್ಟಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಅದಕ್ಕಿಂತ ಗಟ್ಟಿ ಕಾರಣ ವೋಚರ್, ಅಂದರೆ ಮುಂಚೆಯೇ ಕೊಂಡಿಡುವ ಪರೀಕ್ಷಾ ಚೀಟಿ. ಪರೀಕ್ಷೆಯ ವೋಚರ್‌ಗೆ ಗಡುವು ಇರುತ್ತದೆ, ಸಾಮಾನ್ಯವಾಗಿ ಒಂದು ವರ್ಷ. ಸೆಪ್ಟೆಂಬರ್‌ನಲ್ಲಿ ರಿಯಾಯಿತಿ ನೋಡಿ ನಾಲ್ಕು ವೋಚರ್ ಕೊಂಡರೆ ಅದರಲ್ಲಿ ಐದು ತಿಂಗಳನ್ನು ಹಂಗಾಮು ತಿನ್ನುತ್ತದೆ. ಉಳಿದ ಏಳು ತಿಂಗಳಲ್ಲಿ ನಾಲ್ಕು ತರಬೇತಿ, ನಾಲ್ಕು ಪರೀಕ್ಷೆ. ಮೂರನೆಯದರಲ್ಲಿ ಫೇಲಾದರೆ ನಾಲ್ಕನೆಯದರ ವೋಚರ್ ಕಣ್ಣೆದುರೇ ಸತ್ತುಹೋಗುತ್ತದೆ.

ವಿಷಯವೂ ಹೊಂದುವುದಿಲ್ಲ. ಹೈ ವೆಲಾಸಿಟಿ ಐಟಿಯಲ್ಲಿ ಬರುವುದು ಡಿಜಿಟಲ್ ಉತ್ಪನ್ನ ಕಟ್ಟುವ, ದಿನಕ್ಕೆ ಹಲವು ಸಲ ಸಾಫ್ಟ್‌ವೇರ್ ಬಿಡುಗಡೆ ಮಾಡುವ ತಂಡಗಳ ಸಂಗತಿ. ಹಂಗಾಮಿನ ನಡುವೆ ಬಿಲ್ಲಿಂಗ್ ಸಾಫ್ಟ್‌ವೇರ್ ಮುಟ್ಟಬೇಡಿ ಅನ್ನುವ ಕಾರ್ಖಾನೆಯಲ್ಲಿ ಕೂತು ಅದನ್ನು ಓದಿದರೆ ಬಾಯಿಪಾಠವಾಗುತ್ತದೆ, ಕೈಗೆ ಹತ್ತುವುದಿಲ್ಲ. ಸಂದರ್ಶಕರು ಕೇಳುವುದು ನಿಮ್ಮ ಜಾಗದಲ್ಲಿ ಏನು ಮಾಡಿದಿರಿ ಎಂದು.

ಆವೃತ್ತಿಯ ಮಾತೂ ಇದೆ. ಇಂಥ ಪಠ್ಯಕ್ರಮಗಳು ಬದಲಾಗುತ್ತಲೇ ಇರುತ್ತವೆ. ಮುಂದಿನ ಆರು ತಿಂಗಳಲ್ಲಿ ಬರೆಯುವುದನ್ನಷ್ಟೇ ಕೊಳ್ಳಬೇಕು.

ತೀರ್ಮಾನಕ್ಕೆ ಮೊದಲು ಮಾಡಬೇಕಾದ ಒಂದು ಸಂಜೆಯ ಕೆಲಸವಿದೆ. ಬೇಕಾದ ಹುದ್ದೆಯ ಮೂವತ್ತು ಜಾಹೀರಾತು ಹುಡುಕಿ ಒಂದು ಶೀಟಿನಲ್ಲಿ ನಾಲ್ಕು ಕಾಲಂ ಹಾಕುವುದು: ಕಡ್ಡಾಯ ಎಂದು ಕೇಳಿದ ಸರ್ಟಿಫಿಕೇಟ್, ಇದ್ದರೆ ಒಳ್ಳೆಯದು ಎಂದದ್ದು, ಸಾಫ್ಟ್‌ವೇರ್ ಹೆಸರು, ಪಾಳಿ. ಮೊದಲೆರಡನ್ನು ಬೆರೆಸಬಾರದು. ಬೆರೆಸಿದರೆ ಎಲ್ಲ ಸರ್ಟಿಫಿಕೇಟೂ ಬೇಕು ಅನ್ನಿಸುತ್ತದೆ. ಸರ್ವೀಸ್ ಡೆಸ್ಕ್ ಲೀಡ್ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಐಟಿಲ್ ಫೌಂಡೇಶನ್ ಮತ್ತು ಸರ್ವೀಸ್‌ನೌ ಅಥವಾ ಜಿರಾದಂಥ ಒಂದು ಟೂಲ್‌ನಲ್ಲಿ ಕೈ ಪಳಗಿರುವುದನ್ನು. ಮ್ಯಾನೇಜಿಂಗ್ ಪ್ರೊಫೆಶನಲ್ ಕೇಳುವುದು ಸರ್ವೀಸ್ ಡೆಲಿವರಿ ಮ್ಯಾನೇಜರ್ ಮಟ್ಟದಲ್ಲಿ. ನಾಲ್ಕನೇ ಕಾಲಂ ಮರೆಯಬೇಡಿ: ಬೇರೆ ದೇಶದ ಗ್ರಾಹಕರಿದ್ದರೆ ರಾತ್ರಿ ಪಾಳಿ ಬರುತ್ತದೆ, ಅದು ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಕಾಟಾ ಮೂರರ ಝೀರೋ

ಇವರಲ್ಲಿ ಇಲ್ಲದ್ದು ಅನುಭವವಲ್ಲ. ಆ ಅನುಭವಕ್ಕೆ ದಾಖಲೆ ಇಲ್ಲ. ಹಂಗಾಮಿನ ಒಂದು ರಾತ್ರಿಯ ಘಟನೆ ತೆಗೆದುಕೊಳ್ಳೋಣ. 2 ಗಂಟೆ 10 ನಿಮಿಷಕ್ಕೆ ಕಾಟಾ ಆಪರೇಟರ್ ಫೋನ್.

"ಸರ, ಮೂರನೇ ಕಾಟಾದಾಗ ತೂಕ ಬರವಲ್ದರಿ. ಮಷೀನ್ ಮ್ಯಾಲೆ ಬರತೈತಿ, ಕಂಪ್ಯೂಟರ್‌ನ್ಯಾಗ ಝೀರೋನ ಐತಿ. ಗಾಡಿ ಸಾಲು ಗೇಟ್ ದಾಟೇತ್ರಿ."

"ಸಿಪಿಯು ಹಿಂದ ಮೊಬೈಲ್ ಚಾರ್ಜಿಗೆ ಹಚ್ಚೀಯೇನಪಾ?"

ಹಚ್ಚಿದ್ದ. ತೂಕದ ಇಂಡಿಕೇಟರ್‌ನಿಂದ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬರುತ್ತದೆ, ಒಂದು ಕನ್ವರ್ಟರ್ ಮೂಲಕ ಕಂಪ್ಯೂಟರಿನ ಯುಎಸ್‌ಬಿ ಸಾಕೆಟ್‌ಗೆ ಸೇರುತ್ತದೆ. ಸಾಫ್ಟ್‌ವೇರ್ ತೂಕ ಓದುವುದು ಕಾಮ್ 3 ಪೋರ್ಟಿನಿಂದ. ಆಪರೇಟರ್ ಕನ್ವರ್ಟರ್ ಕಿತ್ತು ಆ ಜಾಗಕ್ಕೆ ಚಾರ್ಜರ್ ಹಾಕಿದ, ಕನ್ವರ್ಟರನ್ನು ಪಕ್ಕದ ಸಾಕೆಟ್‌ಗೆ ಚುಚ್ಚಿದ. ವಿಂಡೋಸ್ ಅದನ್ನು ಹೊಸ ಸಾಧನವೆಂದು ತಿಳಿದು ಕಾಮ್ 5 ಕೊಟ್ಟಿತು. ಸಾಫ್ಟ್‌ವೇರ್ ಇನ್ನೂ ಕಾಮ್ 3ರ ಬಾಗಿಲಲ್ಲೇ ಕಾಯುತ್ತಿದೆ.

ಇದನ್ನು ಸರಿ ಮಾಡಿ ಮಲಗಿದರೆ ಅಲ್ಲಿಗೆ ಮುಗಿಯಿತು. ಐಟಿಲ್ ಓದಿದವರು ಇದೇ ಘಟನೆಯಿಂದ ನಾಲ್ಕು ದಾಖಲೆ ತೆಗೆಯುತ್ತಾರೆ.

ಮೊದಲನೆಯದು ಇನ್ಸಿಡೆಂಟ್. ಇಲ್ಲಿ ಕಾರಣ ಹುಡುಕುತ್ತ ಕೂರುವಂತಿಲ್ಲ, ತೂಕ ಮತ್ತೆ ಶುರುವಾಗಬೇಕು. ಆದ್ಯತೆ ನಿರ್ಧಾರವಾಗುವುದು ಪರಿಣಾಮ ಮತ್ತು ತುರ್ತು ಎರಡರಿಂದ. ನಾಲ್ಕರಲ್ಲಿ ಒಂದು ಕಾಟಾ ನಿಂತಿದೆ, ಪರಿಣಾಮ ಮಧ್ಯಮ. ಗಾಡಿ ಸಾಲು ನಿಂತಿದೆ, ತುರ್ತು ಹೆಚ್ಚು. ಸರ್ವೀಸ್‌ನೌನ ಮೂಲ ಪಟ್ಟಿಯಂತೆ ಇದು ಆದ್ಯತೆ 2. ನಾಲ್ಕೂ ನಿಂತಿದ್ದರೆ 1. ದಿನಕ್ಕೆ 5,000 ಟನ್ ಅಂದರೆ ತಾಸಿಗೆ 208 ಟನ್, ಒಂದು ಕಾಟಾದ ಪಾಲಿಗೆ 52. ಕಟಾವಾದ ಕಬ್ಬು ಕಾಯ್ದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ನಷ್ಟ ರೈತನದು. ಆದ್ಯತೆಯ ಕಾರಣವನ್ನು ಹೀಗೆ ಟನ್ನಿನಲ್ಲಿ ಬರೆದಿಟ್ಟರೆ ಯಾವ ಮ್ಯಾನೇಜರೂ ಪ್ರಶ್ನಿಸುವುದಿಲ್ಲ. ಪರಿಹಾರ: ಕನ್ವರ್ಟರನ್ನು ಹಳೆಯ ಸಾಕೆಟ್‌ಗೇ ಹಾಕಿ ಸಾಫ್ಟ್‌ವೇರ್ ಮರಳಿ ತೆರೆಯುವುದು. ಅದೂ ಆಗದಿದ್ದರೆ ಇಂಡಿಕೇಟರ್ ನೋಡಿ ಕೈಬರಹದ ಸ್ಲಿಪ್, ಎರಡು ಸಹಿ. 2:35ಕ್ಕೆ ತೂಕ ಶುರು. ಮುಚ್ಚುವ ಮೊದಲು ಒಂದು ಗಾಡಿ ತೂಗಿ ಸ್ಲಿಪ್ಪಿನ ಅಂಕಿಯನ್ನು ಇಂಡಿಕೇಟರ್‌ಗೆ ತಾಳೆ ನೋಡಬೇಕು.

ಎರಡನೆಯದು ಪ್ರಾಬ್ಲಮ್. ಮರುದಿನ ಲಾಗ್ ತೆಗೆದರೆ ಇದೇ ತೊಂದರೆ ಬೇರೆ ಕಾಟಾಗಳಲ್ಲೂ ಬಂದು ಹೋಗಿದೆ. ಮೂಲ ಕಾರಣ: ಅಗ್ಗದ ಕನ್ವರ್ಟರಿನ ಚಿಪ್‌ಗೆ ತನ್ನದೇ ಸೀರಿಯಲ್ ಸಂಖ್ಯೆ ಇಲ್ಲ, ಹಾಗಾಗಿ ಸಾಕೆಟ್ ಬದಲಾದಾಗಲೆಲ್ಲ ವಿಂಡೋಸ್ ಹೊಸ ಪೋರ್ಟ್ ಕೊಡುತ್ತದೆ. ಕಾರಣ ಗೊತ್ತಾಗಿದೆ, ಶಾಶ್ವತ ಪರಿಹಾರ ಇನ್ನೂ ಆಗಿಲ್ಲ. ಇದು ನೋನ್ ಎರರ್. ತಾತ್ಕಾಲಿಕ ಪರಿಹಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಾಟಾ ಕ್ಯಾಬಿನ್ನಿನ ಗೋಡೆಗೆ ಅಂಟಿಸಿದರೆ ಮುಂದಿನ ಸಲ ರಾತ್ರಿ ಫೋನ್ ಬರುವುದಿಲ್ಲ.

ಮೂರನೆಯದು ಚೇಂಜ್. ಸೀರಿಯಲ್ ಸಂಖ್ಯೆ ಇರುವ ಚಿಪ್ಪಿನ ಕನ್ವರ್ಟರ್ ಅಥವಾ ಕಂಪ್ಯೂಟರ್ ಒಳಗೇ ಕೂರುವ ಸೀರಿಯಲ್ ಕಾರ್ಡ್ ಹಾಕಬೇಕು. ಆಮೇಲೆ ಡಿವೈಸ್ ಮ್ಯಾನೇಜರ್, ಪೋರ್ಟ್ಸ್, ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕಾಮ್ 3 ಗಟ್ಟಿ ಮಾಡಬೇಕು. ಅಪಾಯ ಬರೆಯುವಾಗ ಮುಖ್ಯ ಸಾಲು: ಇಂಡಿಕೇಟರ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆ, ಅದನ್ನು ಮುಟ್ಟುವುದಿಲ್ಲ, ಬದಲಾವಣೆ ಕಂಪ್ಯೂಟರ್ ಬದಿಯಲ್ಲಿ ಮಾತ್ರ. ಸಮಯ: ಮಿಲ್ ಸ್ವಚ್ಛತೆಗೆ ನಿಲ್ಲುವ ದಿನ. ಕೆಟ್ಟರೆ ಹಿಂದಿರುಗಲು ಹಳೆಯ ಕನ್ವರ್ಟರ್ ಮತ್ತು ಸೆಟ್ಟಿಂಗ್ ಫೋಟೊ ಡ್ರಾವರಿನಲ್ಲಿರಬೇಕು. ಪರೀಕ್ಷೆಗೆ ಖಾಲಿ ಮತ್ತು ತುಂಬಿದ ಗಾಡಿ ಸೇರಿ ಹತ್ತು ಸ್ಲಿಪ್. ಮೊದಲ ಕಾಟಾಕ್ಕೆ ಇದು ನಾರ್ಮಲ್ ಚೇಂಜ್, ಅನುಮತಿ ಬೇಕು. ಯಶಸ್ವಿಯಾದ ಮೇಲೆ ಅದೇ ಹೆಜ್ಜೆಗಳಿಗೆ ಒಮ್ಮೆಗೇ ಒಪ್ಪಿಗೆ ಪಡೆದಿಟ್ಟುಕೊಂಡರೆ ಉಳಿದ ಮೂರಕ್ಕೆ ಅದು ಸ್ಟ್ಯಾಂಡರ್ಡ್ ಚೇಂಜ್, ಪ್ರತಿ ಸಲ ಸಹಿ ಕಾಯಬೇಕಿಲ್ಲ.

ನಾಲ್ಕನೆಯದು ಆಪರೇಟರ್‌ನ ರಿಕ್ವೆಸ್ಟ್: ಕ್ಯಾಬಿನ್ನಿನಲ್ಲಿ ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ ಪಾಯಿಂಟ್. ನಿಜ ಹೇಳಬೇಕೆಂದರೆ ಮೂಲ ಕಾರಣಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಇದೇ.

ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್ ಕಟ್ಟು ಇವರಿಗೆ ಏಕೆ ಒಪ್ಪುತ್ತದೆ ಎಂಬುದಕ್ಕೆ ಬೇರೆ ವಾದ ಬೇಡ. ಈ ನಾಲ್ಕು ದಾಖಲೆಗಳಲ್ಲಿ ಚೇಂಜ್ ಒಂದನ್ನು ಬಿಟ್ಟು ಉಳಿದೆಲ್ಲ ಆ ಕಟ್ಟಿನೊಳಗೇ ಇವೆ.

ಫೌಂಡೇಶನ್‌ನಲ್ಲಿ ಅನುಭವಿಗಳು ಎಡವುವುದು

ಅನುಭವ ಇದ್ದವರು ಉತ್ತರಿಸುವುದು ತಮ್ಮ ಆಫೀಸಿನ ರೂಢಿಯಂತೆ, ಪರೀಕ್ಷೆ ಕೇಳುವುದು ಪುಸ್ತಕದ ವಿಂಗಡಣೆಯನ್ನು. ಉದಾಹರಣೆಗೆ ಇಂಥದೊಂದು ಪ್ರಶ್ನೆ: ಒಂದು ಕಂಪ್ಯೂಟರ್ ವಾರದಲ್ಲಿ ನಾಲ್ಕು ಸಲ ನಿಂತಿದೆ, ಪ್ರತಿ ಸಲ ರೀಸ್ಟಾರ್ಟ್ ಮಾಡಿದರೆ ಓಡುತ್ತದೆ, ಹೀಗೇಕೆ ಎಂದು ಹುಡುಕುವ ಹೊಣೆ ಯಾವ ಪ್ರಾಕ್ಟೀಸಿನದು? ನಾಲ್ಕು ಜನರ ವಿಭಾಗದಲ್ಲಿ ಎಲ್ಲವನ್ನೂ ಒಬ್ಬರೇ ಮಾಡುವುದರಿಂದ ಕೈ ತಾನಾಗಿ ಇನ್ಸಿಡೆಂಟ್ ಮೇಲೆ ಹೋಗುತ್ತದೆ. ಉತ್ತರ ಪ್ರಾಬ್ಲಮ್ ಮ್ಯಾನೇಜ್‌ಮೆಂಟ್.

ಐಟಿಲ್ 4ರಲ್ಲಿ ಪ್ರಾಕ್ಟೀಸ್‌ಗಳು 34. ಫೌಂಡೇಶನ್‌ಗೆ ಆಳವಾಗಿ ಬೇಕಾದವು ಏಳು ಮಾತ್ರ: ಇನ್ಸಿಡೆಂಟ್, ಪ್ರಾಬ್ಲಮ್, ಚೇಂಜ್, ಸರ್ವೀಸ್ ರಿಕ್ವೆಸ್ಟ್, ಸರ್ವೀಸ್ ಡೆಸ್ಕ್, ಸರ್ವೀಸ್ ಲೆವೆಲ್, ನಿರಂತರ ಸುಧಾರಣೆ. 40ರಲ್ಲಿ 17 ಪ್ರಶ್ನೆ ಇವುಗಳಿಂದಲೇ. ಏಳು ಮಾರ್ಗದರ್ಶಿ ತತ್ವಗಳಿಂದ ಇನ್ನೊಂದು ಆರು. ಈ 23ರಲ್ಲಿ 20 ಗಟ್ಟಿ ಮಾಡಿಕೊಂಡವರಿಗೆ ಉಳಿದ 17ರಲ್ಲಿ ಆರು ಸಾಕು. ಓದುವ ಸಮಯವನ್ನೂ ಅದೇ ತೂಕದಲ್ಲಿ ಹಂಚಬೇಕು.

ಹಳೆಯ ಪಿಡಿಎಫ್ ಅಪಾಯಕಾರಿ. 26 ಪ್ರಕ್ರಿಯೆ, ಐದು ಹಂತದ ಲೈಫ್‌ಸೈಕಲ್ ಎಂದಿದ್ದರೆ ಅದು ಮೂರನೇ ಆವೃತ್ತಿ, ಪಕ್ಕಕ್ಕಿಡಿ. ಚೇಂಜ್ ಎನೇಬಲ್‌ಮೆಂಟ್ ಬದಲು ಚೇಂಜ್ ಕಂಟ್ರೋಲ್ ಎಂದಿದ್ದರೆ ನಾಲ್ಕನೇ ಆವೃತ್ತಿಯೇ, ಆದರೆ ಶುರುವಿನ ದಿನಗಳದು. ವಾಟ್ಸ್ಆಪ್ ಗುಂಪುಗಳಲ್ಲಿ ತಿರುಗುವ ಡಂಪ್‌ಗಳ (ಕದ್ದ ಪ್ರಶ್ನೆ-ಉತ್ತರಗಳ) ಮೇಲೆ ಭರವಸೆ ಇಡುವಂತಿಲ್ಲ, ಅವುಗಳ ಉತ್ತರಗಳೇ ಎಷ್ಟೋ ಕಡೆ ತಪ್ಪಿರುತ್ತವೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುವ ಅಪಾಯ ಬೇರೆ.

ಟೂಲ್ ಕಡೆ

ಸಿಎಸ್ಎ ಪರೀಕ್ಷೆ 60 ಪ್ರಶ್ನೆ, 90 ನಿಮಿಷ. ಒಂದಕ್ಕಿಂತ ಹೆಚ್ಚು ಉತ್ತರ ಆರಿಸಬೇಕಾದ ಪ್ರಶ್ನೆಗಳೂ ಇರುವುದರಿಂದ ಅಂದಾಜಿನ ಮೇಲೆ ದಾಟುವುದು ಕಷ್ಟ. ಇಲ್ಲಿ ಅನುಕೂಲವೆಂದರೆ ಅಭ್ಯಾಸಕ್ಕೆ ಖರ್ಚಿಲ್ಲ. ಡೆವಲಪರ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಒಂದು ಪೂರ್ತಿ ಸರ್ವೀಸ್‌ನೌ ಉಚಿತವಾಗಿ ಸಿಗುತ್ತದೆ. ಹತ್ತು ದಿನ ಮುಟ್ಟದೆ ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯುತ್ತಾರೆ, ಕಟ್ಟಿದ್ದೆಲ್ಲ ಹೋಗುತ್ತದೆ. ಮಾಡಿದ ಬದಲಾವಣೆಗಳನ್ನು ಅಪ್‌ಡೇಟ್ ಸೆಟ್ ಎಂಬ ಫೈಲಾಗಿ ಇಳಿಸಿಟ್ಟುಕೊಳ್ಳುವ ಅಭ್ಯಾಸ ಮೊದಲ ವಾರದಿಂದಲೇ ಬೇಕು. ವರ್ಷಕ್ಕೆ ಎರಡು ಹೊಸ ಬಿಡುಗಡೆ ಬರುವುದರಿಂದ ಸರ್ಟಿಫಿಕೇಟ್ ಉಳಿಸಿಕೊಳ್ಳುವ ಕೆಲಸವೂ ನಿಲ್ಲುವುದಿಲ್ಲ.

ಅದರಲ್ಲಿ ಕಟ್ಟಬೇಕಾದದ್ದು ಕಾಟಾ ಪ್ರಕರಣವೇ. ನಾಲ್ಕು ಕಾಟಾ ಮತ್ತು ಅವುಗಳ ಕಂಪ್ಯೂಟರ್‌ಗಳನ್ನು ಕಾನ್ಫಿಗರೇಶನ್ ಐಟಂ (ದಾಖಲೆಗೆ ಸೇರಿದ ಸಾಧನ) ಆಗಿ ಸೇರಿಸಿ, ಒಂದಕ್ಕೊಂದು ಸಂಬಂಧ ಜೋಡಿಸಿ. ಹಂಗಾಮಿನಲ್ಲಿ ಆದ್ಯತೆ 2ಕ್ಕೆ 30 ನಿಮಿಷದ ಎಸ್ಎಲ್ಎ (ಇಷ್ಟರೊಳಗೆ ಸರಿಪಡಿಸುತ್ತೇವೆಂಬ ಗಡುವು) ಬರೆಯಿರಿ. ಇಲ್ಲಿ ಹೊಸಬರು ಮಾಡುವ ತಪ್ಪು: ಟಿಕೆಟ್ ಆನ್ ಹೋಲ್ಡ್ (ತಡೆಹಿಡಿದ) ಸ್ಥಿತಿಯಲ್ಲಿದ್ದಾಗ ಗಡಿಯಾರ ನಿಲ್ಲುವ ಷರತ್ತು ಹಾಕಿ ಸುಮ್ಮನಾಗುವುದು. ಆಗ ಯಾರಾದರೂ ಟಿಕೆಟ್ಟನ್ನು ಹೋಲ್ಡ್‌ಗೆ ತಳ್ಳಿ ಎಸ್ಎಲ್ಎ ಉಳಿಸಿಕೊಳ್ಳಬಹುದು. ಹೋಲ್ಡ್‌ಗೆ ಕಾರಣ ಕಡ್ಡಾಯ ಮಾಡಿ, ಬಳಕೆದಾರರ ಉತ್ತರಕ್ಕೆ ಕಾಯುವಾಗ ಮಾತ್ರ ಗಡಿಯಾರ ನಿಲ್ಲುವಂತೆ ಮಾಡಿ. ಲಭ್ಯತೆಯ ಅಂಕಿಗೂ ಅರ್ಥ ಗೊತ್ತಿರಲಿ: 30 ದಿನಕ್ಕೆ 99.5% ಅಂದರೆ 3 ತಾಸು 36 ನಿಮಿಷ ನಿಲ್ಲಬಹುದು, 99.9% ಅಂದರೆ 43 ನಿಮಿಷ. ಮೊದಲನೆಯದನ್ನು ನಾಲ್ಕು ಜನರ ತಂಡ ಒಪ್ಪಿಕೊಳ್ಳಬಹುದು, ಎರಡನೆಯದನ್ನು ರಾತ್ರಿ ಪಾಳಿಯಲ್ಲಿ ಐಟಿಯವರೇ ಇಲ್ಲದ ಕಾರ್ಖಾನೆ ಒಪ್ಪಬಾರದು.

ತೀರ್ಮಾನ

ಏಪ್ರಿಲ್‌ನಲ್ಲಿ ಫೌಂಡೇಶನ್ ಓದು ಶುರು, ದಿನಕ್ಕೆ ಒಂದು ತಾಸು, ಸ್ವಂತ. ಮೇ ಮಧ್ಯದಲ್ಲಿ ಪರೀಕ್ಷೆ. ಫೇಲಾದರೆ ಮರುಪರೀಕ್ಷೆ ಕೊಡುವ ಟೇಕ್2 ಸೌಲಭ್ಯವನ್ನು ಮೊದಲ ಪ್ರಯತ್ನಕ್ಕೆ ಮುಂಚೆಯೇ ಕೊಳ್ಳಬೇಕು, ಆಮೇಲೆ ಕೇಳಿದರೆ ಸಿಗದು. ಮಾದರಿ ಪರೀಕ್ಷೆಯಲ್ಲಿ ಸತತ ಮೂರು ಸಲ 34 ದಾಟಿದವರಿಗೆ ಅದು ಬೇಕಿಲ್ಲ. ಮೇ ಕೊನೆಯಿಂದ ಜುಲೈವರೆಗೆ ಸಿಎಸ್ಎ. ಆಗಸ್ಟ್, ಸೆಪ್ಟೆಂಬರ್‌ಗೆ ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್. ಅಕ್ಟೋಬರ್‌ನಲ್ಲಿ ಪುಸ್ತಕ ಮುಚ್ಚಿ, ಕಾರ್ಖಾನೆಯಲ್ಲಿ ಇನ್ಸಿಡೆಂಟ್ ಲಾಗ್ ಇಡುವ ವ್ಯವಸ್ಥೆ ಮಾಡುವುದು. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಮ್ಯಾನೇಜ್‌ಎಂಜಿನ್ ಸರ್ವೀಸ್‌ಡೆಸ್ಕ್ ಪ್ಲಸ್‌ನ ಸ್ಟ್ಯಾಂಡರ್ಡ್ ಆವೃತ್ತಿ ಐವರು ತಂತ್ರಜ್ಞರವರೆಗೆ ಉಚಿತ, ನಾಲ್ಕು ಜನರ ವಿಭಾಗಕ್ಕೆ ಧಾರಾಳ. ಹಂಗಾಮಿನ ಐದು ತಿಂಗಳ ಲಾಗ್ ಸಂದರ್ಶನದಲ್ಲಿ ಮಾತಾಡುತ್ತದೆ. ಕ್ರಿಯೇಟ್ ಡೆಲಿವರ್ ಅಂಡ್ ಸಪೋರ್ಟ್ ಮರುವರ್ಷದ ಬೇಸಿಗೆಗೆ, ಸಾಧ್ಯವಾದರೆ ಹೊಸ ಕಂಪನಿಯ ಖರ್ಚಿನಲ್ಲಿ.

ಕೋಟೇಶನ್‌ಗಳನ್ನು ತೆರಿಗೆ ಸಹಿತ ಬರಹದಲ್ಲೇ ಕೇಳಬೇಕು: ಪರೀಕ್ಷಾ ಶುಲ್ಕ, ಅಧಿಕೃತ ಇ-ಪುಸ್ತಕ, ಜಿಎಸ್‌ಟಿ, ವೋಚರ್ ಗಡುವು, ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ. ಹಣ ಸಾಲದೆ ಒಂದನ್ನು ಬಿಡಬೇಕಾದರೆ ಬಿಡಬೇಕಾದದ್ದು ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್, ಸಿಎಸ್ಎ ಅಲ್ಲ. ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್ ಹೆಸರನ್ನು ಎಚ್ಆರ್ ಮಂದಿ ಇನ್ನೂ ಅಷ್ಟಾಗಿ ಗುರುತಿಸುವುದಿಲ್ಲ, ಅವರ ಹುಡುಕಾಟದಲ್ಲಿ ಸಿಗುವುದು ಐಟಿಲ್ ಮತ್ತು ಸರ್ವೀಸ್‌ನೌ ಎಂಬ ಎರಡು ಪದ.

ಮನೆಯಲ್ಲಿ ಕೂತು ಪರೀಕ್ಷೆ ಬರೆಯುವಾಗ

ಈ ಭಾಗದವರಿಗೆ ಮೊದಲ ತೊಡಕು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಹೆಸರಿನ ನಡುವೆ ಅಪ್ಪನ ಹೆಸರು, ಲೈಸೆನ್ಸ್‌ನಲ್ಲಿ ಬರೀ ಇನಿಷಿಯಲ್. ಪಾಟೀಲ ಎಂಬುದಕ್ಕೇ ಇಂಗ್ಲಿಷಿನಲ್ಲಿ ಎರಡು ಮೂರು ಸ್ಪೆಲ್ಲಿಂಗ್. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿ ಯಾವುದೆಂದು ಮೊದಲು ನಿರ್ಧರಿಸಿ, ಅದರಲ್ಲಿದ್ದಂತೆಯೇ ಖಾತೆ ತೆರೆಯಬೇಕು. ಚೀಟಿ ಮತ್ತು ಖಾತೆ ತಾಳೆಯಾಗದಿದ್ದರೆ ಮೇಲ್ವಿಚಾರಕರು ಪರೀಕ್ಷೆ ಶುರು ಮಾಡಲು ಬಿಡುವುದಿಲ್ಲ.

ಕಂಪನಿಯ ಲ್ಯಾಪ್‌ಟಾಪ್ ಬೇಡ. ಪೀಪಲ್‌ಸರ್ಟ್‌ನ ಪರೀಕ್ಷೆಯ ಸಾಫ್ಟ್‌ವೇರ್ ಎಕ್ಸಾಮ್‌ಶೀಲ್ಡ್ ಹಾಕಲು ಅಡ್ಮಿನ್ ಹಕ್ಕು ಬೇಕು, ಆಫೀಸಿನ ಆಂಟಿವೈರಸ್ ಮತ್ತು ವಿಪಿಎನ್ ಅದನ್ನು ತಡೆಯುತ್ತವೆ. ಎರಡನೇ ಮಾನಿಟರ್ ಕಿತ್ತಿಡಿ. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಸಣ್ಣ ಯುಪಿಎಸ್ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿ ಇದ್ದು ರೂಟರ್ ಸತ್ತರೆ ಪ್ರಯೋಜನವಿಲ್ಲ. ಪ್ರಶ್ನೆಯನ್ನು ಬಾಯಲ್ಲಿ ಗುನುಗುವ ರೂಢಿ ಇದ್ದವರು ಮಾದರಿ ಪರೀಕ್ಷೆಯಲ್ಲೇ ಬಿಡಬೇಕು. ತುಂಬು ಮನೆಯಲ್ಲಿ ಬೆಳಗಿನ ಸ್ಲಾಟ್ ವಾಸಿ, ಬಾಗಿಲಿಗೆ ಒಳಗಿನಿಂದ ಚಿಲಕ. ಚಹಾ ತಂದವರು ಕ್ಯಾಮೆರಾದಲ್ಲಿ ಕಂಡರೂ ಪರೀಕ್ಷೆ ನಿಲ್ಲಬಹುದು.

ಬೇರೆಯವರಿಗೆ ಬೇರೆ ಉತ್ತರ

ಇದೇ ಎಂಜಿನಿಯರ್ ಕಾರ್ಖಾನೆ ಬಿಡದೆ ಅಲ್ಲೇ ಐಟಿ ಮುಖ್ಯಸ್ಥರಾಗುವ ಯೋಚನೆಯಲ್ಲಿದ್ದರೆ ಸಿಎಸ್ಎ ಬೇಕಿಲ್ಲ. ಫೌಂಡೇಶನ್ ಆದ ಮೇಲೆ ಡೈರೆಕ್ಟ್ ಪ್ಲಾನ್ ಅಂಡ್ ಇಂಪ್ರೂವ್ ಹೆಚ್ಚು ಉಪಯೋಗಿ. ಅದು ಮ್ಯಾನೇಜಿಂಗ್ ಪ್ರೊಫೆಶನಲ್‌ಗೂ ಸ್ಟ್ರಾಟೆಜಿಕ್ ಲೀಡರ್‌ಗೂ ಎಣಿಕೆಯಾಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಈಗಾಗಲೇ ಡೆಲಿವರಿ ನೋಡುತ್ತಿದ್ದು, ಕಂಪನಿಯೇ ಹಣ ಕೊಡುವುದಾದರೆ ಮ್ಯಾನೇಜಿಂಗ್ ಪ್ರೊಫೆಶನಲ್ ತೆಗೆದುಕೊಳ್ಳಬಹುದು, ಆಗಲೂ ಮಾಡ್ಯೂಲ್ ಒಂದೊಂದಾಗಿ. ಹಣವೇ ಇಲ್ಲದ ಫ್ರೆಶರ್‌ಗೆ ಯುರೋಪಿನ ಫಿಟ್ಎಸ್ಎಂ ನೋಡಬಹುದು: 14 ಪ್ರಕ್ರಿಯೆಗಳ ಹಗುರ ಮಾನದಂಡ, ದಾಖಲೆಗಳೆಲ್ಲ ಉಚಿತ. ಇಲ್ಲಿನ ಜಾಹೀರಾತಿನಲ್ಲಿ ಅದರ ಹೆಸರು ಕಾಣಲಿಕ್ಕಿಲ್ಲ, ಕಲಿಯಲು ಚೆನ್ನಾಗಿದೆ.

ಇನ್ನು ಗೆಳೆಯ ಹೇಳಿದ ಕೋಬಿಟ್ 2019. ಐಸಾಕಾ ಸಂಸ್ಥೆಯದು, ಫೌಂಡೇಶನ್ ಪರೀಕ್ಷೆ 75 ಪ್ರಶ್ನೆ, ಎರಡು ತಾಸು, ಪಾಸಿಗೆ 65%. ಅದರಲ್ಲಿರುವ 40 ಉದ್ದೇಶಗಳು ನಿಯಂತ್ರಣ, ಅಪಾಯ, ಹೊಣೆಗಾರಿಕೆಯ ಕಡೆಗೆ ನೋಡುತ್ತವೆ. ವಿಜಯಪುರದಲ್ಲೋ ಬೆಳಗಾವಿಯಲ್ಲೋ ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಕುಳಿತು ಆಡಿಟರ್‌ಗೆ ಉತ್ತರ ಕೊಡುವ ಐಟಿ ಅಧಿಕಾರಿ ಐಟಿಲ್‌ಗಿಂತ ಮೊದಲು ಇದನ್ನೇ ಬರೆಯಬೇಕು. ಕಾಟಾ ಆಪರೇಟರ್‌ಗೆ ಉತ್ತರ ಕೊಡುವವರು ಸದ್ಯಕ್ಕೆ ಬಿಡಬಹುದು.